ಸರಾಸರಿಗೆ ಸಿಗದ ಬೆಳಕು: ಗೆಲಾಕ್ಸಿಗಳ ಎಕ್ಸ್‌ರೇ ಏರಿಳಿತ

(ಮಡಿಕೇರಿಯಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಸಾರ್ವಜನಿಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ನಿಮ್ಮಲ್ಲಿ ಕಾಫಿ ತೋಟ ಇರುವ ಎಷ್ಟೋ ಜನರ ಮನೆಯಲ್ಲಿ ಒಂದು ಮಳೆ ಪುಸ್ತಕ ಇರುತ್ತದೆ. ಬೆಳಿಗ್ಗೆ ಮಳೆ ಅಳೆದು, ಇಷ್ಟು ಇಂಚು, ಇಷ್ಟು ಸೆಂಟು ಅಂತ ತಾರೀಖಿನ ಮುಂದೆ ಬರೆದಿಡುವ ಪುಸ್ತಕ. ಕೆಲವು ಮನೆಗಳಲ್ಲಿ ಅದು ಅಜ್ಜನ ಕಾಲದಿಂದ ನಡೆದುಬಂದಿದೆ. ಹೂಮಳೆ ಯಾವಾಗ ಬಂತು, ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಎಷ್ಟು ಸುರಿಯಿತು, ಎಲ್ಲ ಅದರಲ್ಲಿ ಸಿಗುತ್ತದೆ. ಇವತ್ತು ನಾನು ಹೇಳಲಿರುವ ಗೆಲಾಕ್ಸಿಗಳಿಗೂ ಅಂಥದೇ ಪುಸ್ತಕ ಬೇಕು. ಆದರೆ ಈ ಎರಡು ಪುಸ್ತಕಗಳು ಒಂದು ವಿಷಯದಲ್ಲಿ ಪೂರ್ತಿ ಬೇರೆ. ಇವತ್ತಿನ ಮಾತೆಲ್ಲ ಅದರ ಬಗ್ಗೆಯೇ.

ಮಳೆಯ ಲೆಕ್ಕ ಐದು ವರ್ಷದ್ದು ಮಾತ್ರ ಇದ್ದರೆ ಸರಾಸರಿಯನ್ನು ನಂಬುವುದು ಕಷ್ಟ. ಮೂವತ್ತು ವರ್ಷದ್ದು ಇದ್ದರೆ ಸರಾಸರಿ ಸುಮಾರಾಗಿ ಒಂದು ಕಡೆ ನಿಲ್ಲುತ್ತದೆ. 2018ರ ಆಗಸ್ಟ್ ಬಂದಾಗ ಇದು ಎಂದಿನ ಮಳೆ ಅಲ್ಲ ಅಂತ ನಾವು ಖಚಿತವಾಗಿ ಹೇಳಿದ್ದು ಹಿಂದಿನ ವರ್ಷಗಳ ಲೆಕ್ಕ ಕೈಯಲ್ಲಿ ಇದ್ದದ್ದರಿಂದ. ಗೆಲಾಕ್ಸಿಗಳ ನಡುವಿನಿಂದ ಬರುವ ಎಕ್ಸ್‌ರೇ ಹಾಗಲ್ಲ. ಐದು ವರ್ಷ ಅಳೆದರೆ ಒಂದು ಸರಾಸರಿ ಸಿಗುತ್ತದೆ. ಇನ್ನೂ ಐದು ವರ್ಷ ಅಳೆದರೆ ಅದು ಬೇರೆಲ್ಲೋ ಹೋಗಿರುತ್ತದೆ. ಹೆಚ್ಚು ಕಾಲ ನೋಡಿದಷ್ಟೂ ಏರಿಳಿತ ದೊಡ್ಡದಾಗುತ್ತಾ ಹೋಗುತ್ತದೆ. ಯಾಕೆ ಹೀಗೆ ಅನ್ನುವ ಪ್ರಶ್ನೆಗೆ ಸುಮಾರು ನಲವತ್ತು ವರ್ಷಗಳಿಂದ ಉತ್ತರ ಹುಡುಕುತ್ತಿದ್ದಾರೆ. ಒಂದಿಷ್ಟು ಸಿಕ್ಕಿದೆ.

ಮೊದಲು ಈ ಗೆಲಾಕ್ಸಿಗಳು ಯಾವುವು ಅಂತ ನೋಡೋಣ. ದೊಡ್ಡ ಗೆಲಾಕ್ಸಿಗಳ ನಡುವೆ ಒಂದು ಭಾರೀ ಕಪ್ಪುಕುಳಿ, ಅಂದರೆ ಬ್ಲ್ಯಾಕ್ ಹೋಲ್, ಇರುತ್ತದೆ. ಸೂರ್ಯನ ಹತ್ತು ಲಕ್ಷ ಪಟ್ಟಿನಿಂದ ನೂರಾರು ಕೋಟಿ ಪಟ್ಟಿನವರೆಗೂ ತೂಕ. ಹೆಚ್ಚಿನವು ಸುಮ್ನೆ ಇರುತ್ತವೆ. ಕೆಲವಕ್ಕೆ ಮಾತ್ರ ಸುತ್ತಲಿನ ಅನಿಲ ಬಂದು ಬೀಳುತ್ತಾ ಇರುತ್ತದೆ. ಅದು ನೇರವಾಗಿ ಬೀಳುವುದಿಲ್ಲ. ಚಪ್ಪಟೆ ತಟ್ಟೆಯಾಗಿ ಸುತ್ತುತ್ತಾ, ಉಜ್ಜಾಡಿ ಕಾಯುತ್ತಾ, ನಿಧಾನವಾಗಿ ಒಳಗೆ ಸರಿಯುತ್ತದೆ. ಸೂರ್ಯನ ಒಳಗೆ ಜಲಜನಕ ಹೀಲಿಯಂ ಆಗುವಾಗ ದ್ರವ್ಯದ ಶೇಕಡಾ 0.7ರಷ್ಟು ಮಾತ್ರ ಶಕ್ತಿಯಾಗುತ್ತದೆ. ಈ ತಟ್ಟೆಯಲ್ಲಿ ಅದು ಶೇಕಡಾ 10ರ ಆಸುಪಾಸು. ಹಾಗಾಗಿ ಈ ಪುಟ್ಟ ಜಾಗ ಒಮ್ಮೊಮ್ಮೆ ಇಡೀ ಗೆಲಾಕ್ಸಿಯ ನಕ್ಷತ್ರಗಳೆಲ್ಲ ಸೇರಿ ಬೆಳಗುವುದಕ್ಕಿಂತ ಜಾಸ್ತಿ ಬೆಳಗುತ್ತದೆ. ಇವನ್ನೇ ಸಕ್ರಿಯ ಗೆಲಾಕ್ಸಿಗಳು ಅನ್ನುವುದು. 1943ರಲ್ಲಿ ಕಾರ್ಲ್ ಸೀಫರ್ಟ್ ಇಂಥ ಕೆಲವನ್ನು ಗುರುತಿಸಿದರು. 1963ರಲ್ಲಿ ಮಾರ್ಟನ್ ಸ್ಮಿಟ್ ಅವರು 3ಸಿ 273 ಅನ್ನುವ, ನಕ್ಷತ್ರದಂತೆ ಕಾಣುವ ಚುಕ್ಕೆ ನಿಜಕ್ಕೂ ಇನ್ನೂರು ಕೋಟಿ ಜ್ಯೋತಿರ್ವರ್ಷಗಳಿಗಿಂತ ಆಚೆ ಇದೆ ಅಂತ ತೋರಿಸಿದರು. ಅದೂ ಒಂದು ಸಕ್ರಿಯ ಗೆಲಾಕ್ಸಿಯೇ; ಇಷ್ಟು ಜೋರಾಗಿ ಬೆಳಗುವವಕ್ಕೆ ಕ್ವೇಸಾರ್ ಅಂತ ಹೆಸರು.

ತಟ್ಟೆಯಿಂದ ಬರುವುದು ಹೆಚ್ಚಾಗಿ ನೇರಳಾತೀತ ಬೆಳಕು. ಎಕ್ಸ್‌ರೇ ಬರುವುದು ಕಪ್ಪುಕುಳಿಗೆ ತೀರಾ ಹತ್ತಿರದ ಒಂದು ಜಾಗದಿಂದ. ಅಲ್ಲಿ ನೂರು ಕೋಟಿ ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ಎಲೆಕ್ಟ್ರಾನ್‌ಗಳು ಓಡಾಡುತ್ತಿರುತ್ತವೆ. ತಟ್ಟೆಯ ಬೆಳಕು ಅವಕ್ಕೆ ತಾಗಿ, ಶಕ್ತಿ ಪಡೆದು, ಎಕ್ಸ್‌ರೇ ಆಗಿ ಹೊರಬರುತ್ತದೆ. ಆ ಜಾಗಕ್ಕೆ ಕೊರೋನಾ ಅಂತ ಹೆಸರು. ಸೂರ್ಯಗ್ರಹಣದಲ್ಲಿ ಕಾಣುವ ಕೊರೋನಾದಿಂದ ಬಂದ ಹೆಸರು ಅದು, ವೈರಸ್‌ಗೂ ಇದಕ್ಕೂ ಸಂಬಂಧ ಇಲ್ಲ. ಕಪ್ಪುಕುಳಿಯ ಅಷ್ಟು ಹತ್ತಿರದ ಸುದ್ದಿ ತರುವ ಬೆಳಕು ಬೇರೆ ಕಡಿಮೆ.

ಈ ಎಕ್ಸ್‌ರೇ ನೆಲದವರೆಗೆ ಬರುವುದಿಲ್ಲ. ನಮ್ಮ ಗಾಳಿ ಅದನ್ನು ಪೂರ್ತಿ ನುಂಗುತ್ತದೆ. ನಾವು ಬದುಕಿರುವುದಕ್ಕೆ ಅದೂ ಒಂದು ಕಾರಣ. ಆದ್ದರಿಂದ ಉಪಕರಣ ಗಾಳಿಯ ಮೇಲೆ ಹೋಗಬೇಕು. 1962ರ ಜೂನ್‌ನಲ್ಲಿ ರಿಕಾರ್ಡೊ ಜಕೋನಿ ಅವರ ತಂಡದ ರಾಕೆಟ್ ಕೆಲವೇ ನಿಮಿಷ ಮೇಲಿದ್ದು ಬಂತು. ಸೌರಮಂಡಲದ ಆಚೆಯ ಮೊದಲ ಎಕ್ಸ್‌ರೇ ಮೂಲ ಆಗ ಸಿಕ್ಕಿತು. 1970ರ ಡಿಸೆಂಬರ್‌ನಲ್ಲಿ ಕೀನ್ಯಾದ ಕರಾವಳಿಯಿಂದ ಹಾರಿದ ಉಹುರು, ಎಕ್ಸ್‌ರೇ ಆಕಾಶವನ್ನು ನೋಡಲೆಂದೇ ಮಾಡಿದ ಮೊದಲ ಉಪಗ್ರಹ. ಜಕೋನಿ ಅವರಿಗೆ 2002ರಲ್ಲಿ ನೊಬೆಲ್ ಬಂತು.

ಇಲ್ಲಿ ನಮ್ಮ ರಾಜ್ಯದ ಒಂದು ವಿಷಯ ಹೇಳಲೇಬೇಕು. ಭಾರತದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ಬೆಂಗಳೂರಿನ ಪೀಣ್ಯದಲ್ಲಿ, ಉಡುಪಿ ಕಡೆಯ ಯು. ಆರ್. ರಾವ್ ಅವರ ನೇತೃತ್ವದಲ್ಲಿ. 1975ರ ಏಪ್ರಿಲ್ 19ರಂದು ಅದು ಹಾರಿತು. ಅದರಲ್ಲಿ ಎಕ್ಸ್‌ರೇ ಅಳೆಯುವ ಉಪಕರಣವೂ ಇತ್ತು. ವಿದ್ಯುತ್ ತೊಂದರೆಯಿಂದ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತವು. ಆದರೂ ನಮ್ಮ ಮೊಟ್ಟಮೊದಲ ಉಪಗ್ರಹದಲ್ಲೇ ಎಕ್ಸ್‌ರೇ ಖಗೋಳ ಇತ್ತು ಅನ್ನುವುದು ನನಗೆ ಬಹಳ ಸಂತೋಷದ ವಿಷಯ.

ಈಗ ಏರಿಳಿತಕ್ಕೆ ಬರೋಣ. ಒಂದು ಮೂಲದ ಬೆಳಕು ಒಂದು ಗಂಟೆಯಲ್ಲಿ ಇಮ್ಮಡಿ ಆಯಿತು ಅಂದುಕೊಳ್ಳಿ. ಆ ಮೂಲದ ಅಗಲ ಬೆಳಕು ಒಂದು ಗಂಟೆಯಲ್ಲಿ ಹೋಗುವ ದೂರಕ್ಕಿಂತ ತುಂಬಾ ದೊಡ್ಡದಿರಲು ಸಾಧ್ಯ ಇಲ್ಲ. ಯಾಕೆ ಅಂದರೆ, ಈ ಬದಿಯಲ್ಲಿ ಆದ ಬದಲಾವಣೆ ಆ ಬದಿಗೆ ತಿಳಿಯುವುದಕ್ಕೇ ಅಷ್ಟು ಹೊತ್ತು ಬೇಕು. ದೂರದರ್ಶಕದಲ್ಲಿ ಬರೀ ಚುಕ್ಕೆಯಾಗಿ ಕಾಣುವ ವಸ್ತುವಿನ ಅಳತೆ ಗಡಿಯಾರದಿಂದಲೇ ಸಿಗುತ್ತದೆ, ಅಲ್ವಾ? ಸೂರ್ಯನ ಹತ್ತು ಕೋಟಿ ಪಟ್ಟು ತೂಕದ ಕಪ್ಪುಕುಳಿಯ ಅಂಚಿನ ತ್ರಿಜ್ಯ ಸುಮಾರು ಮೂವತ್ತು ಕೋಟಿ ಕಿಲೋಮೀಟರ್. ಬೆಳಕಿಗೆ ಅದನ್ನು ದಾಟಲು ಸುಮಾರು 1000 ಸೆಕೆಂಡು ಸಾಕು, ಅಂದರೆ ಹದಿನಾರು ಹದಿನೇಳು ನಿಮಿಷ. ಕೊರೋನಾ ಇದರ ಕೆಲವೇ ಪಟ್ಟು ಅಗಲ. ಹಾಗಾದರೆ ಅಲ್ಲಿನ ಬದಲಾವಣೆ ಎಲ್ಲ ಗಂಟೆಗಳಲ್ಲಿ ಮುಗಿಯಬೇಕಿತ್ತು. ಅದೇ ಜಾಗದ ಬೆಳಕು ತಿಂಗಳುಗಟ್ಟಲೆ, ವರ್ಷಗಟ್ಟಲೆ ಯಾಕೆ ಏರಿಳಿಯಬೇಕು?

ಇದರ ಮೇಲೆ ಮೊದಲು ಗಟ್ಟಿ ಅಳತೆ ಕೊಟ್ಟದ್ದು ಯುರೋಪಿನ ಎಕ್ಸೋಸ್ಯಾಟ್. 1983ರಿಂದ 1986ರವರೆಗೆ ಕೆಲಸ ಮಾಡಿತು. ಭೂಮಿಗೆ ಹತ್ತಿರ ಸುತ್ತುವ ಉಪಗ್ರಹ ಒಂದೂವರೆ ಗಂಟೆಗೊಮ್ಮೆ ಸುತ್ತು ಹಾಕುತ್ತದೆ, ಪ್ರತಿ ಸುತ್ತಿನಲ್ಲೂ ಭೂಮಿಯೇ ಅಡ್ಡ ಬರುತ್ತದೆ. ಎಕ್ಸೋಸ್ಯಾಟ್ ಉದ್ದನೆಯ ದಾರಿಯಲ್ಲಿ ಸುಮಾರು 90 ಗಂಟೆಗೆ ಒಂದು ಸುತ್ತು ಹಾಕುತ್ತಿತ್ತು. ಹೀಗಾಗಿ ಒಂದೇ ಗೆಲಾಕ್ಸಿಯನ್ನು ದಿನಗಟ್ಟಲೆ ಬಿಡದೆ ನೋಡಲು ಆಯಿತು. ಆಗ ಕಂಡದ್ದು, ಈ ಏರಿಳಿತಕ್ಕೆ ಒಂದು ನಿಗದಿತ ತಾಳ ಇಲ್ಲ. ಚಿಕ್ಕ ಅವಧಿಯ ಏರಿಳಿತ ಚಿಕ್ಕದು, ದೊಡ್ಡ ಅವಧಿಯದು ದೊಡ್ಡದು, ಎಲ್ಲ ಒಂದರ ಮೇಲೊಂದು ಕೂತಿವೆ. ವಿಜ್ಞಾನಿಗಳು ಇದಕ್ಕೆ ರೆಡ್ ನಾಯ್ಸ್ ಅನ್ನುತ್ತಾರೆ. ಸರಾಸರಿ ನಿಲ್ಲದೇ ಇರುವುದಕ್ಕೆ ಇದೇ ಕಾರಣ. ಇನ್ನೂ ಹತ್ತು ವರ್ಷ ನೋಡಿದರೆ, ಹತ್ತು ವರ್ಷದ ಅಲೆಯೊಂದು ಅದರೊಳಗೆ ಸಿಕ್ಕಿಬೀಳುತ್ತದೆ.

ಆದರೆ ಇದು ಹೀಗೇ ಬೆಳೆಯುತ್ತಾ ಹೋಗಲು ಆಗುವುದಿಲ್ಲ. ಒಂದು ಅವಧಿ ದಾಟಿದ ಮೇಲೆ ಏರಿಳಿತ ಬೆಳೆಯುವುದು ತಗ್ಗಲೇಬೇಕು, ಗ್ರಾಫಿನ ಗೆರೆ ಅಲ್ಲಿ ಬಗ್ಗಲೇಬೇಕು. ಅದನ್ನು ಹುಡುಕಲು ವರ್ಷಗಟ್ಟಲೆಯ ದಾಖಲೆ ಬೇಕು. 1995ರ ಡಿಸೆಂಬರ್ 30ರಂದು ಹಾರಿದ ಅಮೆರಿಕದ ಆರ್‌ಎಕ್ಸ್‌ಟಿಇ ಉಪಗ್ರಹ ಅದನ್ನು ಕೊಟ್ಟಿತು. ಅದರ ದೊಡ್ಡ ಗುಣ, ಬೇಗ ಬೇಗ ತಿರುಗುವುದು. ಒಂದು ಗೆಲಾಕ್ಸಿಯನ್ನು ಸ್ವಲ್ಪ ಹೊತ್ತು ನೋಡಿ, ಇನ್ನೊಂದಕ್ಕೆ ತಿರುಗಿ, ಕೆಲವು ದಿನ ಬಿಟ್ಟು ಮತ್ತೆ ಬರುವುದು. 2012ರ ಜನವರಿಯವರೆಗೆ, ಹದಿನಾರು ವರ್ಷ ಹೀಗೆ ನಡೆಯಿತು. ಇಂಥ ದಾಖಲೆ ನೋಡಿದಾಗ ನನಗೆ ಆ ಉಪಗ್ರಹಕ್ಕಿಂತ ಹೆಚ್ಚಾಗಿ, ಪ್ರತಿ ವರ್ಷ ಅರ್ಜಿ ಹಾಕಿ 'ಇದನ್ನು ನಿಲ್ಲಿಸಬೇಡಿ' ಅಂತ ಕೇಳುತ್ತಾ ಬಂದ ಜನರ ಮೇಲೆ ಗೌರವ ಬರುತ್ತದೆ. ಒಂದು ದಿನದ ಅಳತೆಯಿಂದ ಯಾರಿಗೂ ಹೆಸರು ಬರುವುದಿಲ್ಲ.

ಆ ದಾಖಲೆಯಿಂದ ಬಗ್ಗುವ ಜಾಗ ಸಿಕ್ಕಿತು. ತೂಕ ಕಡಿಮೆ ಇರುವ ಕಪ್ಪುಕುಳಿಯಲ್ಲಿ ಅದು ಚಿಕ್ಕ ಅವಧಿಯಲ್ಲಿ, ತೂಕ ಜಾಸ್ತಿ ಇದ್ದರೆ ದೊಡ್ಡ ಅವಧಿಯಲ್ಲಿ. 2006ರಲ್ಲಿ ಇಯಾನ್ ಮ್ಯಾಕ್‌ಹಾರ್ಡಿ ಮತ್ತು ಜೊತೆಗಾರರು ಇದನ್ನು ನಮ್ಮದೇ ಗೆಲಾಕ್ಸಿಯ ಚಿಕ್ಕ ಕಪ್ಪುಕುಳಿಗಳ ಜೊತೆ ಇಟ್ಟು ನೋಡಿದರು. ತೂಕ ಮತ್ತು ಅನಿಲ ಬೀಳುವ ವೇಗ, ಇವೆರಡನ್ನು ಲೆಕ್ಕಕ್ಕೆ ತಗೊಂಡರೆ ಎಲ್ಲವೂ ಒಂದೇ ನಿಯಮಕ್ಕೆ ಬಂದವು.

ಇದು ಎಷ್ಟು ದೊಡ್ಡ ಮಾತು ಅಂತ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಸಿಗ್ನಸ್ ಎಕ್ಸ್-1 ಅನ್ನುವ ಕಪ್ಪುಕುಳಿ ಸುಮಾರು 7200 ಜ್ಯೋತಿರ್ವರ್ಷ ದೂರದಲ್ಲಿದೆ. ತೂಕ ಸೂರ್ಯನ 21 ಪಟ್ಟು. ಹತ್ತು ಕೋಟಿ ಪಟ್ಟು ತೂಕದ ಕಪ್ಪುಕುಳಿ ಅದಕ್ಕಿಂತ ನಲವತ್ತೆಂಟು ಲಕ್ಷದಷ್ಟು ಪಟ್ಟು ಭಾರ. ಸಮಯವೂ ಅಷ್ಟೇ ಪಟ್ಟು ಹಿಗ್ಗುತ್ತದೆ ಅಂತಿಟ್ಟುಕೊಳ್ಳಿ. ಆಗ ಸಿಗ್ನಸ್ ಎಕ್ಸ್-1ರಲ್ಲಿ ಒಂದು ಸೆಕೆಂಡಿನಲ್ಲಿ ನಡೆಯುವುದು ಇಲ್ಲಿ ನಡೆಯಲು ಸುಮಾರು 55 ದಿನ ಬೇಕು. ಅಲ್ಲಿನ ಒಂದು ನಿಮಿಷ ಇಲ್ಲಿನ ಒಂಬತ್ತು ವರ್ಷ. ಆರ್‌ಎಕ್ಸ್‌ಟಿಇ ಹದಿನಾರು ವರ್ಷ ಕಾದು ನೋಡಿದ್ದು, ಸಿಗ್ನಸ್ ಎಕ್ಸ್-1ರ ಎರಡು ನಿಮಿಷಕ್ಕೂ ಕಡಿಮೆ! ಸಿಗ್ನಸ್ ಎಕ್ಸ್-1 ವಾರಗಟ್ಟಲೆ ಒಂದು ಸ್ಥಿತಿಯಲ್ಲಿದ್ದು ಇನ್ನೊಂದು ಸ್ಥಿತಿಗೆ ಹೊರಳುವುದು ನಮಗೆ ಗೊತ್ತಿದೆ. ಅದೇ ಹೊರಳಾಟವನ್ನು ದೊಡ್ಡ ಗೆಲಾಕ್ಸಿಯಲ್ಲಿ ಪೂರ್ತಿ ನೋಡಬೇಕಾದರೆ ಒಂದು ವಾರಕ್ಕೆ ತೊಂಬತ್ತು ಸಾವಿರ ವರ್ಷದ ಮೇಲೆ ಬೇಕಾಗುತ್ತದೆ.

ದೊಡ್ಡ ಅಲೆ ಎಲ್ಲಿಂದ ಬರುತ್ತದೆ ಅನ್ನುವ ಪ್ರಶ್ನೆ ಬಾಕಿ ಇದೆ. ಈಗ ಹೆಚ್ಚಿನವರು ಒಪ್ಪುವ ಉತ್ತರ ಹೀಗಿದೆ. ತಟ್ಟೆಯ ಹೊರಗಿನ ಭಾಗದಲ್ಲಿ ಎಲ್ಲವೂ ನಿಧಾನ. ಅಲ್ಲಿ ಅನಿಲ ಸರಿಯುವ ಪ್ರಮಾಣ ನಿಧಾನವಾಗಿ ಹೆಚ್ಚು ಕಡಿಮೆ ಆಗುತ್ತದೆ. ಆ ಏರುಪೇರು ಅನಿಲದ ಜೊತೆ ಒಳಕ್ಕೆ ಬರುತ್ತದೆ. ಒಳಗೆ ಬಂದ ಹಾಗೆ ಅಲ್ಲಲ್ಲಿಯ ವೇಗದ ಏರುಪೇರುಗಳು ಅದಕ್ಕೆ ಸೇರುತ್ತವೆ. ಕೂಡುವುದಲ್ಲ, ಗುಣಿಸುವುದು. ಕೊನೆಗೆ ಕೊರೋನಾಕ್ಕೆ ತಲುಪುವಾಗ ಹೊರಗಿನ ವರ್ಷಗಳ ಅಲೆಯೂ ಒಳಗಿನ ಗಂಟೆಗಳ ಅಲೆಯೂ ಒಂದೇ ಬೆಳಕಿನಲ್ಲಿ ಬೆರೆತಿರುತ್ತವೆ. ಜಾಗ ಚಿಕ್ಕದು, ಆದರೆ ಅಲ್ಲಿಗೆ ಬರುವ ಸುದ್ದಿ ದೂರದ್ದು.

ಗುಣಾಕಾರ ಅಂತ ಹೇಳಲು ಸಾಕ್ಷಿ ಏನು? 2001ರಲ್ಲಿ ಫಿಲ್ ಅಟ್ಲೀ ಮತ್ತು ಮ್ಯಾಕ್‌ಹಾರ್ಡಿ ಒಂದು ಸರಳ ವಿಷಯ ತೋರಿಸಿದರು. ಬೆಳಕು ಜಾಸ್ತಿ ಇರುವಾಗ ಚಿಕ್ಕ ಏರಿಳಿತಗಳೂ ದೊಡ್ಡದಾಗುತ್ತವೆ. ಬೆಳಕು ಕಡಿಮೆ ಇರುವಾಗ ಅವೂ ತಗ್ಗುತ್ತವೆ. ಬೇರೆ ಬೇರೆ ಮಿಂಚುಗಳು ಅಲ್ಲಲ್ಲಿ ಹುಟ್ಟಿ ಸುಮ್ನೆ ಕೂಡುತ್ತಿದ್ದರೆ ಹೀಗೆ ಆಗುತ್ತಿರಲಿಲ್ಲ. ಈ ಒಂದು ಗ್ರಾಫು ಎಷ್ಟೋ ವಿವರಣೆಗಳನ್ನು ಒಂದೇ ಏಟಿಗೆ ಪಕ್ಕಕ್ಕೆ ಸರಿಸಿತು. ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಸರಾಸರಿ ಮತ್ತು ಹರಡುವಿಕೆ (ಸ್ಟ್ಯಾಂಡರ್ಡ್ ಡೀವಿಯೇಶನ್), ಇಷ್ಟೇ ಗಣಿತ.

ಒಂದೊಂದು ಗೆಲಾಕ್ಸಿಯ ಕತೆಗೆ ಬರೋಣ. ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿ ಎನ್‌ಜಿಸಿ 4051 ಇದೆ. ಸುಮಾರು ಐದು ಕೋಟಿ ಜ್ಯೋತಿರ್ವರ್ಷ ದೂರ. ಕಪ್ಪುಕುಳಿ ಚಿಕ್ಕದು, ಹಾಗಾಗಿ ಚುರುಕು. ಆರ್‌ಎಕ್ಸ್‌ಟಿಇ ಅದನ್ನು 1996ರಿಂದ ನೋಡುತ್ತಿತ್ತು. 1998ರಲ್ಲಿ ಅದರ ಎಕ್ಸ್‌ರೇ ತಿಂಗಳುಗಟ್ಟಲೆ ಕುಸಿದು ಕೂತಿತು. ಆ ಮೇ ತಿಂಗಳಲ್ಲಿ ಬೆಪ್ಪೋಸ್ಯಾಕ್ಸ್ ಉಪಗ್ರಹ ನೋಡಿದಾಗ ನಡುವಿನ ಬೆಳಕು ಹೆಚ್ಚುಕಡಿಮೆ ಆರಿಯೇ ಹೋಗಿತ್ತು. ಆದರೂ ಒಂದಿಷ್ಟು ಎಕ್ಸ್‌ರೇ ಉಳಿದಿತ್ತು. ಅದು ದೂರದ ಅನಿಲಕ್ಕೆ ತಾಗಿ ತಿರುಗಿ ಬರುತ್ತಿದ್ದ ಹಳೆಯ ಬೆಳಕು. ಮೂಲ ಆರಿದ ಸುದ್ದಿ ಆ ಅನಿಲಕ್ಕೆ ಇನ್ನೂ ಮುಟ್ಟಿರಲಿಲ್ಲ.

ಕುಸಿದ ಬೆಳಕೆಲ್ಲ ನಿಜವಾಗಿ ಆರಿದ್ದೇ ಆಗಬೇಕಿಲ್ಲ. ಅಡ್ಡ ಏನೋ ಬಂದಿರಬಹುದು. ಎನ್‌ಜಿಸಿ 1365ರಲ್ಲಿ ಅನಿಲದ ಮೋಡ ನಮ್ಮ ದೃಷ್ಟಿಗೆ ಅಡ್ಡ ಬಂದು, ಕೆಲವೇ ದಿನಗಳಲ್ಲಿ ಸರಿದು ಹೋದದ್ದನ್ನು 2006ರಲ್ಲಿ ಬಾಹ್ಯಾಕಾಶದಲ್ಲಿರುವ ಚಂದ್ರಾ ಎಕ್ಸ್‌ರೇ ದೂರದರ್ಶಕ ಕಂಡಿತು. ಎನ್‌ಜಿಸಿ 5548ರಲ್ಲಿ ಅಡ್ಡ ಬಂದ ಅನಿಲ ಬೇಗ ಹೋಗಲಿಲ್ಲ. 2013ರಲ್ಲಿ ದೊಡ್ಡ ತಂಡವೊಂದು ಅದನ್ನು ನೋಡಲು ಕೂತಾಗ ಮೆದು, ಅಂದರೆ ಕಡಿಮೆ ಶಕ್ತಿಯ, ಎಕ್ಸ್‌ರೇಯ ಶೇಕಡಾ 90ರಷ್ಟು ಕಾಣೆಯಾಗಿತ್ತು. ಆರಿದ್ದು ಯಾವುದು, ಮುಚ್ಚಿದ್ದು ಯಾವುದು ಅಂತ ಬೇರೆ ಮಾಡುವುದು ಹೀಗೆ. ಅನಿಲ ಕಡಿಮೆ ಶಕ್ತಿಯ ಎಕ್ಸ್‌ರೇಯನ್ನು ಜಾಸ್ತಿ ನುಂಗುತ್ತದೆ, ಹೆಚ್ಚಿನ ಶಕ್ತಿಯದನ್ನು ಬಿಡುತ್ತದೆ. ಎರಡೂ ಒಟ್ಟಿಗೆ ಕುಸಿದರೆ ಮೂಲವೇ ತಗ್ಗಿದೆ ಅಂತ ಅರ್ಥ. ಮೆದುವಾದದ್ದು ಮಾತ್ರ ಹೋದರೆ ಅಡ್ಡ ಮೋಡ ಇದೆ. 2004ರಿಂದ ಅಮೆರಿಕದ ಸ್ವಿಫ್ಟ್ ಉಪಗ್ರಹ, 2009ರಿಂದ ಬಾಹ್ಯಾಕಾಶ ನಿಲ್ದಾಣದ ಮೇಲಿನ ಜಪಾನಿನ ಮ್ಯಾಕ್ಸಿ, ಹೀಗೆ ಬೇರೆ ಬೇರೆ ಶಕ್ತಿಯಲ್ಲಿ ನೋಡುವ ಉಪಕರಣಗಳು ಒಟ್ಟಿಗೆ ಬೇಕಾಗುವುದು ಇದಕ್ಕೇ.

ನನ್ನನ್ನು ಅತಿ ಹೆಚ್ಚು ಕಾಡಿದ ಗೆಲಾಕ್ಸಿ 1ಇಎಸ್ 1927+654. ಸುಮಾರು 24 ಕೋಟಿ ಜ್ಯೋತಿರ್ವರ್ಷ ದೂರ. 2017ರ ಕೊನೆಗೆ ಅದರ ಕಣ್ಣಿಗೆ ಕಾಣುವ ಬೆಳಕು ಹತ್ತಾರು ಪಟ್ಟು ಏರತೊಡಗಿತು. 2018ರಲ್ಲಿ ಎಕ್ಸ್‌ರೇ ನೋಡಿದರೆ ಅಲ್ಲಿ ತಿರುಗುಮುರುಗು. ಕೊರೋನಾದಿಂದ ಬರಬೇಕಾದ ಹೆಚ್ಚಿನ ಶಕ್ತಿಯ ಎಕ್ಸ್‌ರೇ ಮಾಯ! ಕೊರೋನಾವೇ ಕಾಣೆಯಾಗಿತ್ತು. ಬಾಹ್ಯಾಕಾಶ ನಿಲ್ದಾಣದ ಮೇಲಿನ ನೈಸರ್ ಎಕ್ಸ್‌ರೇ ಉಪಕರಣ ಬಿಡದೆ ನೋಡುತ್ತಾ ಹೋಯಿತು. ಒಂದು ವರ್ಷದೊಳಗೆ ಬೆಳಕು ಹತ್ತು ಸಾವಿರ ಪಟ್ಟು ಬದಲಾಯಿತು. ಒಮ್ಮೆ ಎಂಟೇ ಗಂಟೆಯಲ್ಲಿ ನೂರು ಪಟ್ಟು. ಇಷ್ಟು ದೊಡ್ಡ ಬದಲಾವಣೆಗೆ ಸಾವಿರಾರು, ಲಕ್ಷಾಂತರ ವರ್ಷ ಬೇಕು ಅಂತ ಪುಸ್ತಕಗಳಲ್ಲಿ ಓದಿಕೊಂಡಿದ್ದೆವು. ಆಮೇಲೆ ಕೊರೋನಾ ಮತ್ತೆ ಕಟ್ಟಿಕೊಂಡಿತು, ಮೊದಲಿಗಿಂತ ಜಾಸ್ತಿ ಬೆಳಗಿತು. ಒಂದು ನಕ್ಷತ್ರ ಒಳಗೆ ಬಿದ್ದು ಹರಿದುಹೋಗಿ ಕೊರೋನಾವನ್ನು ಕೆಡಿಸಿತು ಅಂತ ಕೆಲವರು, ತಟ್ಟೆಯ ಕಾಂತಕ್ಷೇತ್ರ ತಿರುವುಮುರುವಾಯಿತು ಅಂತ ಕೆಲವರು. ನನಗೆ ಎರಡನೆಯದು ಹೆಚ್ಚು ಒಪ್ಪಿಗೆಯಾಗುತ್ತದೆ, ಯಾಕೆ ಅಂದರೆ ಕೊರೋನಾವನ್ನು ಕಾಯಿಸುವುದು ಕಾಂತಶಕ್ತಿಯೇ ಅನ್ನುವುದಕ್ಕೆ ಅದು ಹೊಂದುತ್ತದೆ. 2022ರಿಂದ ಅದೇ ಗೆಲಾಕ್ಸಿಯ ಎಕ್ಸ್‌ರೇಯಲ್ಲಿ ಒಂದು ತಾಳ ಶುರುವಾಯಿತು. ಮೊದಲು 18 ನಿಮಿಷಕ್ಕೊಮ್ಮೆ ಇದ್ದದ್ದು ಎರಡು ವರ್ಷದಲ್ಲಿ 7 ನಿಮಿಷಕ್ಕೆ ಬಂತು. ನೋಡುವುದನ್ನು 2019ರಲ್ಲೇ ನಿಲ್ಲಿಸಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಇನ್ನೂ ಹಿಂದಕ್ಕೆ ಹೋಗಲು ಎಕ್ಸ್‌ರೇ ದಾಖಲೆ ಇಲ್ಲ, ಉಪಗ್ರಹಗಳೇ ಇರಲಿಲ್ಲವಲ್ಲ. ಕಣ್ಣಿಗೆ ಕಾಣುವ ಬೆಳಕಿಗೆ ಆ ತೊಂದರೆ ಕಡಿಮೆ. 3ಸಿ 273 ಏನು ಅಂತ ತಿಳಿದ 1963ರಲ್ಲೇ ಹಾರ್ಲನ್ ಸ್ಮಿತ್ ಮತ್ತು ಡೊರಿಟ್ ಹಾಫ್ಲೀಟ್ ಹಾರ್ವರ್ಡ್‌ನಲ್ಲಿದ್ದ ಹಳೆಯ ಗಾಜಿನ ಫೋಟೋ ಫಲಕಗಳನ್ನು ತೆಗೆದರು. 1880ರ ದಶಕದಿಂದ ಆಕಾಶದ ಚಿತ್ರ ಅವುಗಳಲ್ಲಿ ಇತ್ತು. ಆ ಚುಕ್ಕೆಯ ಏರಿಳಿತ ಎಪ್ಪತ್ತಕ್ಕೂ ಹೆಚ್ಚು ವರ್ಷ ಹಿಂದಿನವರೆಗೆ ಒಂದೇ ಸಲಕ್ಕೆ ಸಿಕ್ಕಿಬಿಟ್ಟಿತು. ಆ ಕಾಲದಲ್ಲಿ ಚಿತ್ರ ಹಿಡಿದವರಿಗೆ ಕ್ವೇಸಾರ್ ಅಂದರೇನು ಅಂತಲೇ ಗೊತ್ತಿರಲಿಲ್ಲ.

ಎಕ್ಸ್‌ರೇಗೂ ಒಂದು ಹಳೆಯ ದಾಖಲೆ ಇದೆ. ಅದು ಇರುವುದು ನಮ್ಮ ಗೆಲಾಕ್ಸಿಯ ನಡುವೆ. ಅಲ್ಲಿನ ಕಪ್ಪುಕುಳಿಯ ತೂಕ ಸೂರ್ಯನ 43 ಲಕ್ಷ ಪಟ್ಟಿನ ಆಸುಪಾಸು. ಇದಕ್ಕೇ 2020ರ ನೊಬೆಲ್ ಪಾಲು ರೈನ್‌ಹಾರ್ಡ್ ಗೆನ್ಜೆಲ್ ಮತ್ತು ಆಂಡ್ರಿಯಾ ಘೆಜ್ ಅವರಿಗೆ ಹೋಯಿತು. ಈಗ ಅದು ತುಂಬಾ ಮಂಕು. ಆದರೆ ಸುತ್ತಲಿನ ಅನಿಲದ ಮೋಡಗಳು ಎಕ್ಸ್‌ರೇಯಲ್ಲಿ ಬೆಳಗುತ್ತಿವೆ, ಅದರಲ್ಲೂ ಕಬ್ಬಿಣದ ಗುರುತಿನ ಬೆಳಕಿನಲ್ಲಿ. ಆ ಮೋಡಗಳಿಗೆ ಅಷ್ಟು ಎಕ್ಸ್‌ರೇ ಕೊಡುವ ಮೂಲ ಈಗ ಹತ್ತಿರ ಎಲ್ಲೂ ಇಲ್ಲ. ಕಪ್ಪುಕುಳಿ ಹಿಂದೆ ಒಮ್ಮೆ ಜೋರಾಗಿ ಉರಿದಿರಬೇಕು, ಆ ಬೆಳಕು ಈಗ ಮೋಡಗಳಿಗೆ ತಾಗಿ ತಿರುಗಿ ಬರುತ್ತಿರಬೇಕು ಅಂತ ಬಹಳ ಕಾಲದಿಂದ ಹೇಳುತ್ತಿದ್ದರು. 2021ರ ಡಿಸೆಂಬರ್‌ನಲ್ಲಿ ಹಾರಿದ ಐಎಕ್ಸ್‌ಪಿಇ ಅನ್ನುವ ಎಕ್ಸ್‌ರೇ ಉಪಗ್ರಹ, ಆ ಬೆಳಕು ಯಾವ ದಿಕ್ಕಿನಲ್ಲಿ ಕಂಪಿಸುತ್ತದೆ ಅಂತ ಅಳೆಯಿತು. ಬೆರಳು ಕಪ್ಪುಕುಳಿಯ ಕಡೆಗೇ ತೋರಿಸಿತು. ಭೂಮಿಯಿಂದ ನೋಡುವವರ ಲೆಕ್ಕದಲ್ಲಿ ಆ ಉರಿ ಸುಮಾರು 200 ವರ್ಷದ ಹಿಂದಿನದು. ಅಂದರೆ ಇಲ್ಲಿ ಕೊಡಗಿನಲ್ಲಿ ಚಿಕ್ಕ ವೀರರಾಜೇಂದ್ರ ಆಳುತ್ತಿದ್ದ ಕಾಲದ ಆಸುಪಾಸು. ಬೆಳಕು ಹೊರಟದ್ದು ಅದಕ್ಕೂ ಇಪ್ಪತ್ತಾರು ಸಾವಿರ ವರ್ಷ ಮೊದಲು, ಅದು ಬೇರೆ ವಿಷಯ. ಆಗ ಎಕ್ಸ್‌ರೇ ಉಪಗ್ರಹ ಇದ್ದಿದ್ದರೆ, ನಮ್ಮದೇ ಗೆಲಾಕ್ಸಿಯ ನಡುವು ಇವತ್ತಿನ ಹತ್ತು ಲಕ್ಷ ಪಟ್ಟು ಬೆಳಗುವುದು ಕಾಣುತ್ತಿತ್ತು. ಇಂದು ಮಂಕಾಗಿರುವ ಗೆಲಾಕ್ಸಿ ನಿನ್ನೆಯೂ ಮಂಕಾಗಿತ್ತು ಅಂತ ಹೇಳಲು ಬರುವುದಿಲ್ಲ.

ಆ ದಿಕ್ಕು ಧನು ರಾಶಿಯಲ್ಲಿದೆ. ಇಲ್ಲಿಂದ ನೋಡಬೇಕಾದರೆ ಜೂನ್ ಜುಲೈಯಲ್ಲಿ ರಾತ್ರಿ ಚೆನ್ನಾಗಿ ಮೇಲೆ ಬರುತ್ತದೆ, ಆಗಲೇ ನಮಗೆ ಮಳೆ. ಅಕ್ಟೋಬರ್‌ನಲ್ಲಿ ಮೋಡ ಬಿಟ್ಟರೆ ಕತ್ತಲಾದ ಕೂಡಲೇ ನೈಋತ್ಯದಲ್ಲಿ ಸಿಗುತ್ತದೆ. ಕಪ್ಪುಕುಳಿ ಕಾಣುವುದಿಲ್ಲ, ಆದರೆ ದಿಕ್ಕು ತಿಳಿದಿರಲಿ.

ನಮ್ಮ ದೇಶದ ಆಸ್ಟ್ರೋಸ್ಯಾಟ್ 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿತು. ಐದು ವರ್ಷಕ್ಕೆ ಅಂತ ಮಾಡಿದ್ದು, ಅದನ್ನು ದಾಟಿ ಕೆಲಸ ಮಾಡಿದೆ. ಅದರ ವಿಶೇಷ ಏನೆಂದರೆ ನೇರಳಾತೀತ ಮತ್ತು ಎಕ್ಸ್‌ರೇ, ಎರಡನ್ನೂ ಒಟ್ಟಿಗೆ ನೋಡುತ್ತದೆ. ತಟ್ಟೆಯಲ್ಲಿ ಮೊದಲು ಬದಲಾಯಿತೋ, ಕೊರೋನಾದಲ್ಲಿ ಮೊದಲು ಬದಲಾಯಿತೋ ಅಂತ ಕೇಳಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. 2024ರ ಜನವರಿ 1ರಂದು, ಎಕ್ಸ್‌ರೇ ಕಂಪಿಸುವ ದಿಕ್ಕನ್ನು ಅಳೆಯುವ ಎಕ್ಸ್‌ಪೋಸ್ಯಾಟ್ ಉಪಗ್ರಹ ಹೋಯಿತು. ಅದರ ಪೋಲಿಕ್ಸ್ ಉಪಕರಣ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯದು.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಮ್ಯಾಕ್ಸಿಯ ದಿನದಿನದ ಅಳತೆಗಳನ್ನು ಯಾರು ಬೇಕಾದರೂ ತೆಗೆದುಕೊಳ್ಳುವಂತೆ ಇಟ್ಟಿದ್ದಾರೆ. ಮಾರ್ಕೇರಿಯನ್ 421 ಅನ್ನುವ ಗೆಲಾಕ್ಸಿಯಿಂದ ಶುರು ಮಾಡಿ. ಅದರಿಂದ ಹೊರಡುವ ಕಣಗಳ ಧಾರೆ ನಮ್ಮ ಕಡೆಗೇ ಮುಖ ಮಾಡಿದೆ, ಹಾಗಾಗಿ ಏರಿಳಿತ ಚೆನ್ನಾಗಿ ಕಾಣುತ್ತದೆ. ದಾಖಲೆಯನ್ನು ಇಪ್ಪತ್ತು ಇಪ್ಪತ್ತು ದಿನದ ತುಂಡುಗಳಾಗಿ ಮಾಡಿ. ಪ್ರತಿ ತುಂಡಿನ ಸರಾಸರಿ ಎಷ್ಟು, ಹರಡುವಿಕೆ ಎಷ್ಟು ಅಂತ ಲೆಕ್ಕ ಹಾಕಿ. ಅಳತೆಯ ಪಕ್ಕದಲ್ಲೇ ದೋಷದ ಅಂಕಿ ಇರುತ್ತದೆ. ಹರಡುವಿಕೆಯ ವರ್ಗದಿಂದ ಆ ದೋಷದ ವರ್ಗದ ಸರಾಸರಿಯನ್ನು ಕಳೆಯಲು ಮರೆಯಬೇಡಿ, ಇಲ್ಲವಾದರೆ ಉಪಕರಣದ ಗದ್ದಲವನ್ನೇ ಗೆಲಾಕ್ಸಿಯ ಏರಿಳಿತ ಅಂದುಕೊಳ್ಳುತ್ತೀರಿ. ಆಮೇಲೆ ಸರಾಸರಿಯನ್ನು ಅಡ್ಡಕ್ಕೆ, ಹರಡುವಿಕೆಯನ್ನು ಉದ್ದಕ್ಕೆ ಇಟ್ಟು ಚುಕ್ಕೆ ಹಾಕಿ. ಚುಕ್ಕೆಗಳು ಮೇಲಕ್ಕೆ ಏರುತ್ತವೆಯೋ, ಚಪ್ಪಟೆಯಾಗಿ ಹರಡುತ್ತವೆಯೋ ಅಂತ ನೀವೇ ನೋಡಿ. ಆಸ್ಟ್ರೋಸ್ಯಾಟ್‌ನ ದತ್ತಾಂಶ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿರುವ ಇಸ್ರೋ ಕೇಂದ್ರದಿಂದ ಸಿಗುತ್ತದೆ. ಅದು ಸ್ವಲ್ಪ ಕಷ್ಟ, ಎರಡನೆಯ ಹಂತಕ್ಕೆ ಇಟ್ಟುಕೊಳ್ಳಿ.